ಟ್ರಂಕಿನಲ್ಲಿ ಉಳಿದ ವಾಣಿಶ್ರೀಯ ಫೈಲು

ಇದು ೧೯೯೮ರ ಮಾತು. ಹರಿಹರದ ನಿರ್ಮಲಮ್ಮ ಕುಬುಸದ ಶಾಸ್ತ್ರ ಮುಗಿಸಿ, ಏಳು ತಿಂಗಳ ಬಸುರಿ ಸೊಸೆ ವಾಣಿಶ್ರೀಯನ್ನು ಚೊಚ್ಚಲ ಬಾಣಂತನಕ್ಕೆ ದಾವಣಗೆರೆ ಹತ್ತಿರದ ತವರೂರು ಬಾತಿಗೆ ಕಳಿಸಿದಳು. ಸೀರೆ, ಹಣ್ಣು, ಉಂಡಿ ಎಲ್ಲ ಜೊತೆಗೆ ಹೋದವು. ಬೆಂಗಳೂರು ಆಸ್ಪತ್ರೆಯ ದಪ್ಪ ಫೈಲು ಮಾತ್ರ ನಿರ್ಮಲಮ್ಮನ ಟ್ರಂಕಿನಲ್ಲೇ ಉಳಿಯಿತು.

ಮರೆತದ್ದಲ್ಲ, ಬಚ್ಚಿಟ್ಟದ್ದು. ಒಂಬತ್ತು ವರ್ಷ ಮಕ್ಕಳಾಗದ ಮಗ-ಸೊಸೆಯ ಭ್ರೂಣವನ್ನು ಅಲ್ಲಿ ದೇಹದ ಹೊರಗೆ ಬೆಳೆಸಿ, ಹೆಪ್ಪುಗಟ್ಟಿಸಿಟ್ಟು, ತಿಂಗಳುಗಳ ಮೇಲೆ ಗರ್ಭಕ್ಕೆ ಸೇರಿಸಿದ್ದರು. ತವರಿನಲ್ಲೂ ಬಾಯಿ ಬಿಡಬೇಡ ಎಂದು ಸೊಸೆಗೆ ತಾಕೀತಾಗಿತ್ತು. ಕೂಸಿಗೆ ಥಂಡಿ ಹತ್ತೀತೆಂದು ಮೊಸರನ್ನೂ ಮುಟ್ಟಿಸಿರಲಿಲ್ಲ ಪುಣ್ಯಾತ್ಗಿತ್ತಿ.

ಎಂಟೇ ದಿನಕ್ಕೆ ಬೀಗರ ಫೋನು ಬಂತು. ವಾಣಿಶ್ರೀಗೆ ಮುಖ ಊದಿದೆ, ತಲೆನೋವು, ದಾವಣಗೆರೆ ಆಸ್ಪತ್ರೆಗೆ ಹೊರಟಿದ್ದೇವೆ ಎಂದರು. ನಿರ್ಮಲಮ್ಮ ಪಕ್ಕದ ಮನೆಯ ನರ್ಸು ಶಕುಂತಲಮ್ಮನ ಬಳಿ ಓಡಿದಳು.

"ಬಸುರಿಗೆ ಊದೋದು ಮಾಮೂಲಿ ಅಲ್ಲೇನ್ರಿ?"

"ಮುಖ ಊದಿ ತಲೆನೋವು ಅಂದ್ರ ಬಿಪಿ ಏರಿರಬೋದು. ಹಳೇ ಚೀಟಿ ಎಲ್ಲ ಅವರ ಕೈಯಾಗ ಐತೇನ್ರಿ?"

ನಿರ್ಮಲಮ್ಮ ತಡೆದು ತಡೆದು ಎಲ್ಲ ಹೇಳಿದಳು. "ಐಸಿನ ಕೂಸು ಅಂತಾರ ಮಂದಿ. ಅದಕ್ಕ ತೆಗೆದಿಟ್ಟೆ."

"ಹಂಗ ಇಟ್ಟ ಮಕ್ಕಳೂ ಎಲ್ಲರಂಗ ಬೆಳೀತಾವ. ಆದ್ರ ಇಂಥಾ ಬಸುರಿನಾಗ ಕೆಲವರಿಗೆ ಬಿಪಿ ಏರ್ತೈತೆ. ಕೂಸಿಗೆ ಊಟ, ಉಸಿರು ಕೊಡೋ ಮಾಸು ಕೆಳಗ ಕೂಡ್ರಬೋದು, ಗರ್ಭಕ್ಕ ಬಿಗಿಯಾಗಿ ಅಂಟಬೋದು. ಯಾಕ ಅಂತ ಡಾಕ್ಟ್ರೇ ಇನ್ನೂ ಹುಡುಕ್ತಾ ಅದಾರ. ಗೊತ್ತಿದ್ರ ಮೊದಲೇ ನೋಡ್ಕೋತಾರ."

"ಊರಿಗೆ ಗೊತ್ತಾದ್ರ ಹೆಂಗೆ?"

"ಡಾಕ್ಟ್ರಿಗೆ ಗೊತ್ತಾಗದಿದ್ರ ಹೆಂಗೆ, ಅದನ್ನ ಕೇಳ್ರಿ."

ನಿರ್ಮಲಮ್ಮ ಫೈಲು ಹಿಡಿದು ದಾವಣಗೆರೆಗೆ ಸಿಕ್ಕ ಬಸ್ಸು ಹತ್ತಿದಳು. ಡಾಕ್ಟರು ಓದಿ, ಇದು ಮೊದಲೇ ಯಾಕೆ ಬರಲಿಲ್ಲ ಎಂದು ಕೇಳಿದರು. ಬೀಗರೆಲ್ಲ ಅಲ್ಲೇ ನಿಂತಿದ್ದರು. ನಿರ್ಮಲಮ್ಮ ಅವರೆದುರೇ ಹೇಳಿದಳು.

"ನಾನ ಬಚ್ಚಿಟ್ಟಿದ್ದೆ. ತಪ್ಪು ಹುಡುಗೀದಲ್ಲ."

ಸ್ಕ್ಯಾನಿನಲ್ಲಿ ಮಾಸು ಕೆಳಗೆ ಕೂತದ್ದು ಕಂಡಿತು. ಬಿಪಿಗೆ ಮದ್ದು ಕೊಟ್ಟು ಅಲ್ಲೇ ಇರಿಸಿಕೊಂಡರು, ರಕ್ತವನ್ನೂ ಹೊಂದಿಸಿಟ್ಟರು. ಐದು ವಾರಕ್ಕೆ ಆಪರೇಷನ್ ಆಯಿತು. ಮಾಸು ಸುಲಭಕ್ಕೆ ಬಿಡಲಿಲ್ಲ, ರಕ್ತ ಬಹಳ ಹೋಯಿತು. ರಕ್ತ ಸಿದ್ಧವಿದ್ದುದರಿಂದ ವಾಣಿಶ್ರೀ ಉಳಿದಳು. ಹೆಣ್ಣುಮಗು ಆರೋಗ್ಯವಾಗಿತ್ತು.

ಅಕ್ಕಂದಿರೇ, ಅತ್ತೆಯರೇ, ಇಂಥ ಬಸುರಿಯನ್ನು ತವರಿಗೆ ಕಳಿಸುವಾಗ ಫೈಲೂ ಜೊತೆಗಿರಲಿ. ಬಿಪಿ ನೋಡಿಸಿ, ಮಾಸು ಎಲ್ಲಿದೆ ಎಂದು ಸ್ಕ್ಯಾನಿನಲ್ಲಿ ಕೇಳಿ. ಮುಖ ಊದಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ, ರಕ್ತ ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಮಗು ಹೇಗೆ ಬಂತೆಂದು ಊರಿಗೆ ಹೇಳುವುದು, ಬಿಡುವುದು ನಿಮ್ಮಿಷ್ಟ. ಹೆರಿಗೆ ಮಾಡಿಸುವವರಿಗೆ ಮಾತ್ರ ಮೊದಲ ದಿನವೇ ಹೇಳಿಬಿಡಿ.