ಬಾಟಲಿಯ ಮೇಲೆ ಬರೆದದ್ದು

ಚಳಿಗಾಲದ ಕೊನೆ, ಬೆಳಗ್ಗೆ ಎಂಟರ ಹೊತ್ತು. ಫುಟ್‌ಬಾಲ್ ಅಭ್ಯಾಸದ ಮೈದಾನದಲ್ಲಿ ತಂಡದ ಕ್ಯಾಪ್ಟನ್ ಅಂಗಾತ ಬಿದ್ದಿದ್ದ. ಅವನೆದೆಯ ಮೇಲೆ ಮೊಣಕಾಲೂರಿದ ಡಿಫೆಂಡರ್ ಒಂದೇ ಜಾಗಕ್ಕೆ ಗುದ್ದುತ್ತಿದ್ದ. ಮೂರನೆಯ ಗುದ್ದಿಗೆ ದವಡೆ ಮುರಿದ ಸದ್ದು ಗೆರೆಯಾಚೆ ನಿಂತಿದ್ದ, ಆಟಗಾರರ ಕಾಲು ತಿಕ್ಕುವ ಮಾಲೀಸಿನವನಿಗೂ ಕೇಳಿಸಿತು. ಅದಕ್ಕೆ ಮುಂಚೆ ಕ್ಯಾಪ್ಟನ್ ಅಂದದ್ದೂ ಕೇಳಿಸಿತ್ತು: "ಮರ ಹತ್ತು ಹೋಗೋ, ಕರಿ ಕೋತಿ."

ನಾಲ್ಕು ಜನ ಸೇರಿ ಬಿಡಿಸಿದರು. ಡಿಫೆಂಡರನ ಗೆಣ್ಣಿನೊಳಗೆ ಹಲ್ಲಿನ ಚೂರೊಂದು ಹೊಕ್ಕಿತ್ತು. ಮಾಲೀಸಿನವ ಅದನ್ನು ಚಿಮುಟದಿಂದ ಎಳೆದ.

"ಅವನಂದಿದ್ದು ಕೇಳಿಸ್ಕೊಂಡ್ರಲ್ಲ ಅಣ್ಣ?"

"ಕೇಳಿಸ್ಕೊಂಡೆ ಕಣಪ್ಪ."

"ಬೇರೆ ಯಾರೂ ಬಾಯಿ ಬಿಡಲ್ಲ. ನೀವು ಹೇಳಿದ್ರೆ ಟೀಮಲ್ಲಿ ಉಳ್ಕೋತೀನಿ. ಇಲ್ದಿದ್ರೆ ಗಂಟುಮೂಟೆ ಕಟ್ಟೋದೇ."

ಬುಧವಾರ ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ. ಮಾಲೀಸಿನವ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದ. ಮ್ಯಾನೇಜರ್ ಬರೆದುಕೊಂಡರು. ದವಡೆಗೆ ತಂತಿ ಬಿಗಿಸಿಕೊಂಡು ಬಂದಿದ್ದ ಕ್ಯಾಪ್ಟನ್‌ಗೆ ಮಾತಾಡಲು ಬರುತ್ತಿರಲಿಲ್ಲ. ರಕ್ತ ಬೆರೆತ ಜೊಲ್ಲು ಒರೆಸಿಕೊಂಡು, ಚೀಲದಿಂದ ನೀರಿನ ಬಾಟಲಿಯೊಂದನ್ನು ತೆಗೆದು ಮೇಜಿನ ಮೇಲೆ ಕುಕ್ಕಿದ.

ಒಬ್ಬರ ಎಂಜಲು ಒಬ್ಬರಿಗಾಗಬಾರದೆಂದು ಮಾಲೀಸಿನವ ಪ್ರತಿ ಬಾಟಲಿಗೂ ಬಿಳಿ ಪಟ್ಟಿ ಸುತ್ತಿ ಹೆಸರು ಬರೆಯುತ್ತಿದ್ದ. ಇದು ಡಿಫೆಂಡರನದು. ಸೊಟ್ಟ ಅಕ್ಷರಗಳಲ್ಲಿ 'ಇದ್ದಿಲು' ಎಂದಿತ್ತು.

"ಇದು ಯಾರು ಬರ್ದಿದ್ದು?" ಮ್ಯಾನೇಜರ್ ಕೇಳಿದರು.

"ನಾನೇ ಸಾರ್," ಮಾಲೀಸಿನವ ಅಂದ. "ಪ್ರೀತಿಗೆ ಕರಿಯೋದು. ಅವನೂ ನಗ್ತಿದ್ದ."

"ಬಂದ ದಿನ ನಕ್ಕೆ," ಡಿಫೆಂಡರ್ ಅಂದ. "ಹದಿನೆಂಟು ಜನ ನಗ್ತಿದ್ರು, ನಾನೊಬ್ಬ ಏನ್ಮಾಡ್ಲಿ?"

"ನಿಮ್ಮದು ಪ್ರೀತಿ ಆದ್ರೆ ಕ್ಯಾಪ್ಟನ್ನಿನದು ತಮಾಷೆ ಆಗಬಾರದಾ?" ಮ್ಯಾನೇಜರ್ ಮಾಲೀಸಿನವನ ಕಡೆ ತಿರುಗಿ ಪೆನ್ನು ಕೆಳಗಿಟ್ಟರು. "ನಿಮ್ಮದೂ ಬೈಗುಳವೇ ಅಂತೀರಾ? ಅಂದ್ರೆ ಬರ್ಕೋತೀನಿ. ನಿಮ್ಮ ಮೇಲೂ ಕ್ರಮ ಆಗತ್ತೆ."

ಡಿಫೆಂಡರ್ ಮಾಲೀಸಿನವನ ಮುಖವನ್ನೇ ನೋಡುತ್ತಿದ್ದ.

ಇಪ್ಪತ್ತಾರು ವರ್ಷ ಎಲ್ಲರ ಕಾಲು ತಿಕ್ಕಿದವನು ಮಾಲೀಸಿನವ. ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವನಲ್ಲ.

"ಪ್ರೀತಿಗೇ ಸಾರ್," ಅಂದ.

ಮ್ಯಾನೇಜರ್ ಮೊದಲು ಬರೆದುಕೊಂಡಿದ್ದ ಅವನ ಹೇಳಿಕೆಯ ಮೇಲೆ ಗೀಟು ಎಳೆದರು.

ಮರುದಿನ ಬೆಳಗ್ಗೆ ಮಾಲೀಸಿನವ ಡಿಫೆಂಡರನ ಬಾಡಿಗೆ ಕೋಣೆ ಹುಡುಕಿಕೊಂಡು ಹೋದ. ಡಿಫೆಂಡರನ ಹೆಂಡತಿ ಹಾಸಿಗೆ ಸುತ್ತುತ್ತಿದ್ದಳು.

"ಮಾಲೀಸಿನ ಅಣ್ಣ ನೀವೇನಾ? ಅಲ್ಲಿ ಮನುಷ್ಯ ಅಂತ ಇರೋದು ನೀವೊಬ್ರೇ ಅಂತಿದ್ರು ಇವ್ರು."

ಡಿಫೆಂಡರ್ ಒಳಗಿನಿಂದ ಬಂದ. ಬಗ್ಗಿ ಹಾಸಿಗೆಯ ಒಂದು ತುದಿ ಎತ್ತಿದ. ಇನ್ನೊಂದು ತುದಿಯನ್ನು ಮಾಲೀಸಿನವ ಹಿಡಿದ. ಇಕ್ಕಟ್ಟಾದ ಮೆಟ್ಟಿಲು, ಒಬ್ಬ ನಿಂತರೆ ಇನ್ನೊಬ್ಬನೂ ನಿಲ್ಲಬೇಕು. ಹಾಗೇ ಮೂರು ಮಹಡಿ ಇಳಿದರು.

ಗಂಡ ಹೆಂಡತಿ ಹೋದದ್ದು ಹನ್ನೊಂದು ಗಂಟೆಯ ಬಸ್ಸಿಗೆ, ಗುರುವಾರ.