ಮಂಟಯ್ಯನವರ ಬೋಣಿ ಪಟ

ಮಂಟಯ್ಯನವರು ಯಾರ ಮುಖವನ್ನೂ ನೇರವಾಗಿ ನೋಡಿದವರಲ್ಲ. ಎಡಗಣ್ಣನ್ನು ಅರ್ಧ ಮುಚ್ಚಿ, ಕತ್ತನ್ನು ಬಲಕ್ಕೆ ವಾಲಿಸಿ, ಎದುರಿಗಿದ್ದವರ ಕಿವಿಯ ಪಕ್ಕದ ಬೆಳಕನ್ನು ಅಳೆಯುತ್ತಲೇ ಮಾತಾಡುವುದು ಫೋಟೋ ವೃತ್ತಿ ಅವರ ದೇಹಕ್ಕೆ ಅಂಟಿಸಿದ್ದ ಭಂಗಿ. ಬೇಸಿಗೆಯಲ್ಲೂ ಕಳಚದ ಕಂದು ಕೋಟು. ಒಂದು ಜೇಬಿನಲ್ಲಿ ಕ್ಯಾಮೆರಾದ ಸೆಲ್ಲು, ಇನ್ನೊಂದರಲ್ಲಿ ಹುರಿಗಡಲೆ. ಒಂದನ್ನು ಹುಡುಕಿದಾಗ ಕೈಗೆ ಸಿಗುತ್ತಿದ್ದುದು ಯಾವಾಗಲೂ ಇನ್ನೊಂದೇ. ಆಗೆಲ್ಲ "ಒಂದ್ನಿಮ್ಸ ತಡೀರಿ" ಎನ್ನುವರು. ಆ ನಿಮಿಷಕ್ಕೆ ಕೊನೆಯೆಂಬುದು ಇರುತ್ತಿರಲಿಲ್ಲ.

ಹೆಗ್ಗಡದೇವನಕೋಟೆಯ ಬಸ್‌ಸ್ಟ್ಯಾಂಡಿಗೆ ಎದುರಾಗಿ ಅವರ ಸ್ಟುಡಿಯೋ. ದಿನದ ಮೊದಲ ಪಟ ಗಿರಾಕಿಯದಾಗಕೂಡದೆಂಬುದು ಅವರ ಹಟ. ಬಾಗಿಲು ತೆರೆದೊಡನೆ ಬಸ್‌ಸ್ಟ್ಯಾಂಡಿನತ್ತ ತಿರುಗಿ ಒಂದು ಪಟ ತೆಗೆಯುವರು, ಅದೇ ಬೋಣಿ. ಡಿಜಿಟಲ್ ಕಾಲ ಬಂದ ಮೇಲೆ ಆ ಬೋಣಿ ಪಟಗಳೆಲ್ಲ, ಹಳೆಯ ಕ್ಯಾಮೆರಾದವು ಹೊಸದರವು ಎಂಬ ಭೇದವಿಲ್ಲದೆ, ಕಂಪ್ಯೂಟರಿನಲ್ಲಿ ಕಲಸುಮೇಲೋಗರವಾಗಿ ಬಿದ್ದಿದ್ದವು.

2007ರ ಪಿತೃಪಕ್ಷದಲ್ಲಿ ಹೊಳೆದಂಡೆಯ ಊರಿನ ಚಿಕ್ಕಬಸಮ್ಮ ಬಂದಳು. ಹಿಂದಿನ ವರ್ಷದ ಆಷಾಢದಲ್ಲಿ ಅವಳ ಗಂಡ ನಿಂಗಯ್ಯನ ಚಪ್ಪಲಿ ಕಬಿನಿಯ ದಡದಲ್ಲಿ ಸಿಕ್ಕಿತ್ತು, ಆಳು ಸಿಕ್ಕಿರಲಿಲ್ಲ. ಈ ಅಮಾವಾಸ್ಯೆಗೆ ಸತ್ತವರ ಜೊತೆ ಅವನಿಗೂ ಎಡೆ ಇಡಲೇಬೇಕೆಂದು ಭಾವ ಹುಚ್ಚಯ್ಯ ಪಟ್ಟುಹಿಡಿದಿದ್ದ. ಹಾರ ಹಾಕಲು ಪಟ ಬೇಕಿತ್ತು. ಮದುವೆಯ ಪಟಕ್ಕಾಗಿ ಮಂಟಯ್ಯನವರು ಕಂಪ್ಯೂಟರನ್ನು ತಡಕುತ್ತಿರುವಾಗ ಅವಳು ಚೀರಿದಳು.

"ಅಣ್ಣೋ, ವಸಿ ನಿಲ್ಸಿ! ಅದು ನಮ್ಮೋರು ಕಣಣ್ಣ!"

ಬೋಣಿ ಪಟದ ಮೂಲೆಯಲ್ಲಿ ಕೇರಳದ ಮಾನಂದವಾಡಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂಗಯ್ಯ ನಿಂತಿದ್ದ.

"ಇದು ಯಾವಾಗಿಂದು? ಆಷಾಡ್ದಿಂದ ಈಚೆದಾ?"

ಮಂಟಯ್ಯನವರ ಪೇಚಾಟ ಶುರುವಾಯಿತು. ಮೈಸೂರಿನಿಂದ ತಂದ ಸಿ.ಡಿ.ಯೊಂದರಲ್ಲಿ, ಕಪ್ಪು ಪರದೆಯ ಮೇಲೆ ಆಜ್ಞೆ ಟೈಪು ಮಾಡಿದರೆ ಪಟದ ಹೊಟ್ಟೆಯೊಳಗಿನ ಜಾತಕ ಹೇಳುವ ಪುಟ್ಟ ಪ್ರೋಗ್ರಾಮುಗಳಿದ್ದವು. ಕಂಪ್ಯೂಟರನ್ನೇ ಕೇಳಿದರೆ ಅದು ಪಟಗಳನ್ನೆಲ್ಲ ಒಟ್ಟಿಗೆ ನಕಲು ಮಾಡಿಕೊಂಡ ದಿನವನ್ನಷ್ಟೇ ಹೇಳಿತು. ಎರಡನೆಯದು, ಸಿ.ಡಿ.ಯಲ್ಲಿದ್ದ, ಕೇಳಿದ್ದಕ್ಕಷ್ಟೇ ಉತ್ತರಿಸುವ ಪ್ರೋಗ್ರಾಮು, 2003ರ ಫೆಬ್ರವರಿ ಎಂದಿತು. ಮೂರನೆಯದಕ್ಕೆ ಅವರೇ ಇಟ್ಟ ಹೆಸರು ಪುರಾಣಿಕ. ಕ್ಯಾಮೆರಾದ ಕುಲಗೋತ್ರದಿಂದ ಹಿಡಿದು ಪರದೆ ತುಂಬ ಸಾಲುಸಾಲಾಗಿ ಸುರಿಯುತ್ತ ಅದೂ ನಡುವೆಲ್ಲೋ 2003 ಎಂದೇ ಹೇಳಿತು. ಎರಡೂ ಒಂದೇ ಮಾತು ಹೇಳಿದ ಮೇಲೆ ಉಳಿದದ್ದೇಕೆ? ಹೆಚ್ಚು ಮಾತಾಡುವವರನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಆಗದು. ಪುರಾಣಿಕನನ್ನು ಪೂರ್ತಿ ಓದದೆ ಮುಚ್ಚಿ, ಮಿತಭಾಷಿಯನ್ನು ನೆಚ್ಚಿದರು.

"ಹಳೇದು ಕಣವ್ವ," ಎಂದರು, ಅವಳ ಕಿವಿಯ ಪಕ್ಕದ ಬೆಳಕನ್ನು ನೋಡುತ್ತ.

ಅವಳು ಮದುವೆಯ ಪಟವನ್ನೇ ದೊಡ್ಡದು ಮಾಡಿಸಿಕೊಂಡು ಹೋದಳು.

ಅಮಾವಾಸ್ಯೆ ಕಳೆದು ಆಯುಧಪೂಜೆ ಬಂತು. ಅಂದು ಆಯುಧಗಳಿಗೆ ಬಿಡುವು; ಉಳಿದವರು ಕುಡುಗೋಲು ನೇಗಿಲಿಗೆ ಕುಂಕುಮವಿಟ್ಟು ಸುಮ್ಮನಾದರೆ, ಮಂಟಯ್ಯನವರು ಕ್ಯಾಮೆರಾದ ಜೀವವನ್ನೇ ತೆಗೆದು ಮಲಗಿಸುತ್ತಿದ್ದರು, ಎಂದರೆ ಸೆಲ್ಲು ಕಳಚಿಡುತ್ತಿದ್ದರು. ವಿಜಯದಶಮಿಯ ಬೆಳಿಗ್ಗೆ ಮತ್ತೆ ಹಾಕಿದಾಗ ಕ್ಯಾಮೆರಾ ತಾರೀಖು ಕೇಳಿತು. ಪ್ರತಿಸಲ ನೋಡದೆಯೇ ಗುಂಡಿ ಒತ್ತುವ ಬೆರಳು ಅಂದೇಕೋ ತಡೆಯಿತು. ಪರದೆಯ ಮೇಲಿತ್ತು: 2003, ಜನವರಿ ಒಂದು.

ಸೆಲ್ಲು ಕಳಚಿದಾಗಲೆಲ್ಲ ಅದು 2003ರಿಂದಲೇ ದಿನ ಎಣಿಸತೊಡಗುತ್ತಿತ್ತು. ಈ ಕ್ಯಾಮೆರಾ ಮನೆಗೆ ಬಂದದ್ದೇ ಹೋದ ವರ್ಷದ ದಸರೆಗೆ! ಓಡಿಹೋಗಿ ಪುರಾಣಿಕನನ್ನು ಎಬ್ಬಿಸಿದರು. ಮೊದಲ ಸಾಲುಗಳಲ್ಲೇ ಇದೇ ಹೊಸ ಕ್ಯಾಮೆರಾದ ಹೆಸರಿತ್ತು. ಅಂದಮೇಲೆ ಚಪ್ಪಲಿ ಸಿಕ್ಕಿದ ಎಷ್ಟೋ ತಿಂಗಳ ಮೇಲೆ ನಿಂಗಯ್ಯ ಆ ಬಸ್ಸು ಹತ್ತಿದ್ದ. ತಾರೀಖಿನ ಬೆನ್ನುಹತ್ತಿ, ಯಾವ ಕ್ಯಾಮೆರಾದ ಕಣ್ಣು ಕಂಡದ್ದೆಂದು ಕೇಳುವುದನ್ನೇ ಅವರು ಮರೆತಿದ್ದರು.

ಮೊಪೆಡ್ಡಿನಲ್ಲಿ ಹೋದಾಗ ಚಿಕ್ಕಬಸಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಕೈ ಬರಿದಾಗಿತ್ತು, ಹಣೆಯೂ. ಗೋಡೆಯ ಮೇಲೆ ಹಾರ ಹಾಕಿದ ಪಟ.

"ತೆಪ್ಪಾಯ್ತು ಕಣವ್ವ. ನಿಂಗಯ್ಯ ನೀರ್ಗೆ ಬಿದ್ದಿಲ್ಲ. ಹೋದ್ವರ್ಸದ ದಸರ ಆದ್ಮೇಲೆ ಬಸ್ ಹತ್ತವ್ನೆ."

ಅವಳ ಮುಖ ಅರಳಿತು; ಅರಳಿದ್ದು ಹಾಗೆಯೇ ನಿಂತಿತು; ಆಮೇಲೆ ಮೆಲ್ಲಗೆ ಮುದುಡಿತು.

"ಕ್ವಾಟೆಗಂಟ ಬಂದವ್ರೆ," ಎಂದಳು. "ಮನೆಗ್ ಬರ್ನಿಲ್ಲ."

ಮಂಟಯ್ಯನವರು ಮೊದಲ ಬಾರಿಗೆ ಅವಳ ಮುಖವನ್ನು ನೇರವಾಗಿ ನೋಡಿದರು.

"ಸತ್ತವ್ರೆ ಅಂದ್ಕಂಡು ಅತ್ತು ಮುಗ್ಸಿದ್ದೆ. ಈಗ ಏನಂತ ಅಳ್ಳಿ, ಹೇಳಣ್ಣ?"

"ಒಂದ್ನಿಮ್ಸ ತಡೀವ್ವ," ಎಂದು ಅವರು ಜೇಬಿಗೆ ಕೈಹಾಕಿದರು. ಸಿಕ್ಕಿದ್ದು ಹುರಿಗಡಲೆ.

ಇಂಥವರು ನಮ್ಮ ಊರುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಹೇಳಿದ್ದು ತಪ್ಪೆಂದು ತಿಳಿದರೆ ಅನ್ನ ಸೇರದ ಜನ. ನಿಜ ಸಿಕ್ಕಿದೊಡನೆ ಅದನ್ನು ಸೇರಬೇಕಾದವರ ಬಾಗಿಲಿಗೆ ಹೊತ್ತು ಓಡುತ್ತಾರೆ, ಇಳಿಸಿದ ಮೇಲೆ ಅದರ ಭಾರ ಕಂಡು ತಾವೇ ಕಂಗಾಲಾಗುತ್ತಾರೆ. ಆದರೂ ತಿರುಗಿ ಓಡುವುದಿಲ್ಲ. ಅಂದು ಮಂಟಯ್ಯನವರೂ ಓಡಲಿಲ್ಲ. ಕೋಟು ಕಳಚಿ ಪಕ್ಕಕ್ಕಿಟ್ಟು, ಅವಳೆದುರು ಕುಳಿತು, ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡರು.