ಹನ್ನೊಂದನೆಯ ಕೊಕ್ಕೆ

ಯಾರ್ಕ್ ನಗರದಲ್ಲಿ ‘ಕುಂಟ ಹೆಬ್ಬಾತು’ ಎಂಬ ಪಬ್ಬನ್ನು ಹುಡುಕಿಕೊಂಡು ಬರುವ ಮೂವರಲ್ಲಿ ಒಬ್ಬರು ಮಾತ್ರ ಬಾಗಿಲು ಮುಟ್ಟುತ್ತಾರೆ. ಉಳಿದಿಬ್ಬರು ಮೇಣದಬತ್ತಿಯ ಅಂಗಡಿಗೂ ಟೋಪಿಯ ಅಂಗಡಿಗೂ ನಡುವಿನ ಸಂದಿಯನ್ನು ಯಾರದೋ ಹಿತ್ತಿಲ ದಾರಿಯೆಂದು ತಿಳಿದು ಮುಂದೆ ನಡೆದುಬಿಡುತ್ತಾರೆ. ಸಂದಿಯ ಅಗಲ ಎರಡು ಅಡಿ ಏಳು ಅಂಗುಲ. ಬೀದಿಯಲ್ಲಿ ನಿಂತು ದಾರಿ ಕೇಳಿದವರನ್ನು ಪಬ್ಬಿನ ಹಳೆಯ ಗಿರಾಕಿ ವಿಲ್ಫ್ ಪಿಕರ್ಸ್‌ಗಿಲ್ ಬಹಳ ಸೌಜನ್ಯದಿಂದ ನದಿಯ ಕಡೆಗೆ ಕಳಿಸುತ್ತಾನೆ. ಅದು ತಪ್ಪೆಂದು ನಾನು ಅವನಿಗೆ ಹಲವು ಸಲ ಹೇಳಿದ್ದೇನೆ. ಹಾಗೆ ಹೋದವರನ್ನು ನಾನೂ ಹಿಂದಕ್ಕೆ ಕರೆದಿಲ್ಲ. ಒಳಗಿರುವ ಆಸನಗಳು ಇಪ್ಪತ್ತಾರು.

ಬಿಯರ್ ಬಗ್ಗಿಸುವ ಕಟ್ಟೆಯ ಮೇಲಿನ ತೊಲೆಗೆ ಹನ್ನೊಂದು ಕಬ್ಬಿಣದ ಕೊಕ್ಕೆಗಳಿವೆ. ಒಂದೊಂದರಲ್ಲಿ ಒಂದೊಂದು ತವರದ ಹಿಡಿಲೋಟ. ಕೊಕ್ಕೆ ಇದ್ದವನು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಅವನ ಲೋಟ ಕೆಳಗಿಳಿಯುತ್ತದೆ. ಏನು ಬೇಕೆಂದು ಅವನನ್ನು ಯಾರೂ ಕೇಳುವುದಿಲ್ಲ. ಮಿಕ್ಕವರಿಗೆ ಗಾಜಿನ ಲೋಟ. ಆ ಪಬ್ಬಿಗೆ ನಾನು ಹೋಗುತ್ತಿರುವುದು ಇಪ್ಪತ್ತೊಂಬತ್ತು ವರ್ಷಗಳಿಂದ. ಅಷ್ಟು ವರ್ಷವೂ ನಾನು ಕುಡಿದದ್ದು, ನದಿಯ ಕಡೆಯಿಂದ ದಾರಿ ತಿಳಿದು ಹೇಗೋ ಹಿಂದಿರುಗಿ ಬಂದ ಪ್ರವಾಸಿ ಕುಡಿಯುವ ಗಾಜಿನಲ್ಲಿಯೇ. ನಿವೃತ್ತಿಯ ದಿನ ಶಾಲೆಯವರು ‘ಎಡ್ಗರ್ ಥ್ವೇಟ್ಸ್, ಗಣಿತ’ ಎಂದು ಕೆತ್ತಿಸಿ ಕೊಟ್ಟ ತವರದ ಲೋಟ ಮನೆಯ ಕಪಾಟಿನಲ್ಲಿ ಬಟ್ಟೆ ಸುತ್ತಿಕೊಂಡು ಕುಳಿತಿತ್ತು.

ಕೊಕ್ಕೆ ತೆರವಾಗುವುದು ಸಾವಿನಿಂದ ಮಾತ್ರ. ಕಳೆದ ಐವತ್ತೈದು ವರ್ಷಗಳಲ್ಲಿ ಹತ್ತು ಸಲ ತೆರವಾಗಿದೆ. ಎಂದರೆ ಐದೂವರೆ ವರ್ಷಕ್ಕೊಮ್ಮೆ. ಈ ಮಾರ್ಚಿನಲ್ಲಿ ಚರ್ಚಿನ ಗಂಟೆ ಬಾರಿಸುತ್ತಿದ್ದ ಕತ್‌ಬರ್ಟ್ ರೇನ್ ತೀರಿಕೊಂಡು ಹನ್ನೊಂದನೆಯ ಕೊಕ್ಕೆ ಬರಿದಾಯಿತು. ನನಗೆ ಎಪ್ಪತ್ತೊಂಬತ್ತು. ಮುಂದಿನ ಕೊಕ್ಕೆಯ ಹೊತ್ತಿಗೆ ಎಂಬತ್ತನಾಲ್ಕೂವರೆ. ಈ ಲೆಕ್ಕವನ್ನು ನಾನು ಎರಡು ಬಾರಿ ಮಾಡಿದೆ, ಉತ್ತರ ಸುಧಾರಿಸಲಿಲ್ಲ.

ಇಪ್ಪತ್ತು ವರ್ಷ ಬಂದವರು ಮಾತ್ರ ಕೊಕ್ಕೆಗೆ ಅರ್ಹರು. ಅಂಥವರು ಈಗ ಇಬ್ಬರೇ ಇದ್ದರು: ನಾನು ಮತ್ತು ವಿಲ್ಫ್. ವಿಲ್ಫ್ ರೈಲುಡಬ್ಬಿಗಳ ಕಾರ್ಖಾನೆಯಲ್ಲಿ ಬಡಗಿಯಾಗಿದ್ದವನು, ನನಗಿಂತ ನಾಲ್ಕು ತಿಂಗಳು ದೊಡ್ಡವನು. ಆ ನಾಲ್ಕು ತಿಂಗಳನ್ನು ಅವನು ನಲವತ್ತು ವರ್ಷದಂತೆ ಬಳಸುತ್ತಾನೆ. ಇಬ್ಬರಿದ್ದಾಗ ತೀರ್ಮಾನಿಸುವ ಕ್ರಮ ಪಬ್ಬಿನಷ್ಟೇ ಹಳೆಯದು. ಸ್ಪರ್ಧಿಯ ಕಣ್ಣಿಗೆ ಬಟ್ಟೆ ಕಟ್ಟಿ, ಕೈಗೆ ಗೆರೆ ಕೊರೆದ ಗಾಜಿನ ಲೋಟ ತುಂಬಿ ಕೊಟ್ಟು, ಬೀದಿಬಾಗಿಲಲ್ಲಿ ನಿಲ್ಲಿಸುತ್ತಾರೆ. ಅವನು ಹಿಂದಿನ ಕೋಣೆಯ ಅಗ್ಗಿಷ್ಟಿಕೆಯವರೆಗೆ ನಡೆಯಬೇಕು. ಬಾಗಿಲಿನಿಂದ ಒಂಬತ್ತು ಹೆಜ್ಜೆಗೆ ಒಂದು ಅಡ್ಡತೊಲೆ. ಅದರ ಎತ್ತರ ಐದಡಿ ನಾಲ್ಕಂಗುಲ. ತೊಲೆ ದಾಟಿದೊಡನೆ ಎರಡು ಮೆಟ್ಟಿಲು ಕೆಳಕ್ಕೆ, ಎಡಕ್ಕೆ ತಿರುವು, ಮತ್ತೆ ಐದು ಹೆಜ್ಜೆ. ನೆಲ ಎಲ್ಲಿಯೂ ಮಟ್ಟವಾಗಿಲ್ಲ. ನೋಡುವವರು ಸ್ಪರ್ಧಿಯನ್ನು ಮುಟ್ಟುವಂತಿಲ್ಲ, ಆದರೆ ಏನು ಬೇಕಾದರೂ ಮಾತಾಡಬಹುದು.

ನಾನು ಹೆಜ್ಜೆ ಎಣಿಸಬಲ್ಲವನು. ವಿಲ್ಫ್‌ಗೆ ಎಣಿಕೆಯಲ್ಲಿ ನಂಬಿಕೆಯಿಲ್ಲ. ಅವನು ದಾರಿ ಹಿಡಿಯುವುದು ಹೇಗೆಂದು ಮೂರು ವಾರ ಗಮನಿಸಿದೆ. ತೊಲೆಯ ಬಲಗಡೆ ಆಳೆತ್ತರದ ಗಡಿಯಾರವೊಂದಿದೆ; ಅದರ ಟಕ್ಕು ಕುದುರೆಯ ಗೊರಸಿನಂತೆ. ವಿಲ್ಫ್ ಅಭ್ಯಾಸಕ್ಕೆಂದು ಕಣ್ಣುಮುಚ್ಚಿ ನಡೆಯುವಾಗ ಬಲಗಿವಿಯನ್ನು ಅದಕ್ಕೆ ಕೊಟ್ಟಿರುತ್ತಾನೆ. ಟಕ್ಕು ಕಿವಿಯ ಪಕ್ಕಕ್ಕೆ ಬಂದಾಗ ತಲೆ ಬಗ್ಗಿಸುತ್ತಾನೆ.

ಸ್ಪರ್ಧೆಯನ್ನು ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಇಟ್ಟಿದ್ದರು. ಅಂದು ಬೆಳಗ್ಗೆ ಬಾಗಿಲು ತೆರೆಯುವಾಗಲೇ ನಾನು ಒಳಗಿದ್ದೆ. ಪಬ್ಬಿನ ಒಡತಿ ಡೋರೀನ್ ಸ್ಟಾಕ್‌ಡೇಲ್ ನನಗೆ ಗಾಜು ತುಂಬಿಕೊಟ್ಟು, ಪೀಪಾಯಿ ಬದಲಿಸಲು ನೆಲಮಾಳಿಗೆಗೆ ಇಳಿದಳು. ಡೋರೀನ್ ನನ್ನ ಶಿಷ್ಯೆ. ಹದಿಮೂರನೆಯ ವಯಸ್ಸಿನಲ್ಲಿ ಹಂತಗಳನ್ನು ತೋರಿಸದೆ ಸರಿಯುತ್ತರವನ್ನಷ್ಟೇ ಬರೆದಳೆಂದು ಅವಳಿಗೆ ನಾನೊಮ್ಮೆ ಸೊನ್ನೆ ಕೊಟ್ಟದ್ದುಂಟು. ಅವಳ ಹೆಜ್ಜೆಯ ಸದ್ದು ಕೆಳಗೆ ಅಡಗಿದ ಮೇಲೆ ನಾನು ಎದ್ದು ಗಡಿಯಾರದ ಬಾಗಿಲು ತೆರೆದು ಲೋಲಕವನ್ನು ಎರಡು ಬೆರಳಲ್ಲಿ ಹಿಡಿದೆ. ಗಡಿಯಾರವನ್ನು ನಿಲ್ಲಿಸಬಾರದೆಂದು ಯಾವ ನಿಯಮವೂ ಇರಲಿಲ್ಲ. ಆದರೂ ಆ ಬೆರಳುಗಳನ್ನು ಕೋಟಿಗೆ ಒರೆಸಿಕೊಂಡೆ.

ಮೂರು ಗಂಟೆಗೆ ಇಪ್ಪತ್ತಾರು ಆಸನಗಳಲ್ಲಿ ಮೂವತ್ತನಾಲ್ಕು ಜನರಿದ್ದರು. ಆ ಗದ್ದಲದಲ್ಲಿ ಗಡಿಯಾರದ ಸದ್ದು ಇಲ್ಲದ್ದು ಯಾರಿಗೂ ತಿಳಿಯಲಿಲ್ಲ. ವಿಲ್ಫ್ ಮೊದಲು ತನ್ನ ಸರದಿಯೆಂದ. ಹಿರಿಯನೆಂಬುದು ಕಾರಣ.

“ಕೂತ್ಕೊಂಡು ನೋಡಯ್ಯಾ, ಮೇಷ್ಟ್ರೇ,” ಎಂದ. “ಲೋಟ ಮನೆಯಿಂದ ತಂದಿದ್ದೀಯಾ? ಹಾಗೇ ವಾಪಸ್ ತಗೊಂಡ್ಹೋಗೋಕೆ ಚೀಲ ಕೊಡಿಸ್ಲಾ?”

ಲೋಟ ನನ್ನ ಕೋಟಿನ ಜೇಬಿನಲ್ಲಿತ್ತು. ಅದು ಉಬ್ಬಿ ಕಾಣುತ್ತದೆಂದು ನಾನು ಭಾವಿಸಿರಲಿಲ್ಲ.

ಡೋರೀನ್ ಒರೆಸುವ ಬಟ್ಟೆಯಿಂದ ಅವನ ಕಣ್ಣು ಕಟ್ಟಿದಳು. ವಿಲ್ಫ್ ಆರು ಹೆಜ್ಜೆಗಳನ್ನು ಮದುಮಗನಂತೆ ಇಟ್ಟ. ಏಳನೆಯದಕ್ಕೆ ಕಾಲೆತ್ತಿ ಇಳಿಸಿದ. ತಲೆಯನ್ನು ಬಲಕ್ಕೆ ಓರೆಮಾಡಿದ, ಬಳಿಕ ಎಡಕ್ಕೆ. ಅವನು ನಿಂತದ್ದನ್ನು ಕಂಡು ಜನ ತಾವಾಗಿಯೇ ಸುಮ್ಮನಾದರು. ಅದು ಅವನಿಗೆ ಇನ್ನಷ್ಟು ತೊಂದರೆ ಕೊಟ್ಟಿತು. ಕೊನೆಗೆ ಅವನು ಧೈರ್ಯಮಾಡಿ ಎಡಕ್ಕೆ ತಿರುಗಿ, ಇಲ್ಲದ ತೊಲೆಗೆ ತಲೆ ಬಗ್ಗಿಸಿ, ಇಲ್ಲದ ಮೆಟ್ಟಿಲನ್ನು ಕಾಲಲ್ಲಿ ತಡವಿ, ಪೊರಕೆ ಬಕೆಟ್ಟುಗಳನ್ನಿಡುವ ಗೂಡಿನ ಅರೆತೆರೆದ ಬಾಗಿಲನ್ನು ಮೊಣಕಾಲಿನಿಂದ ತಳ್ಳಿ ಒಳಗೆ ಹೋದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ವಿಲ್ಫ್‌ನ ದನಿ ಬಂದಿತು.

“ಅಗ್ಗಿಷ್ಟಿಕೆ ಯಾಕಮ್ಮಾ ಡೋರೀನ್ ಇಷ್ಟು ತಣ್ಣಗಿದೆ?”

ಆ ನಗು ಇಳಿಯಲು ಬಹಳ ಹೊತ್ತು ಹಿಡಿಯಿತು. ನಾನು ನಗಲಿಲ್ಲ, ನನ್ನ ಸರದಿ ಬಾಕಿಯಿತ್ತು. ವಿಲ್ಫ್ ಬೂದುಬಣ್ಣದ ನೆಲ ಒರೆಸುವ ಬಟ್ಟೆಯೊಂದನ್ನು ಭುಜದ ಮೇಲೆ ಹೊತ್ತು ಹೊರಬಂದು, ತಾನು ಉಳಿಸಿ ತಂದ ಬಿಯರನ್ನು ಒಂದೇ ಉಸಿರಿಗೆ ಕುಡಿದು, ಕಟ್ಟೆಗೆ ಒರಗಿ ನಿಂತ. ಅವನ ಮುಖದಲ್ಲಿ ಸೋತವನ ಕಳೆ ಇರಲಿಲ್ಲ. ಅದನ್ನು ನಾನು ಆಗಲೇ ಗಮನಿಸಬೇಕಿತ್ತು.

ನನ್ನ ಕಣ್ಣು ಕಟ್ಟಿದರು. ಲೋಟ ಕೈಗೆ ಬಂದಿತು. ಒಂದು, ಎರಡು. ಮೂರನೆಯ ಹೆಜ್ಜೆಗೆ ವಿಲ್ಫ್ ಬಾಯಿ ತೆರೆದ. ಅವನು ಬೈಯುವನೆಂದು ಎಣಿಸಿದ್ದೆ. ಅವನು ಮಗ್ಗಿ ಹೇಳತೊಡಗಿದ.

“ಏಳೊಂದ್ಲೆ ಏಳು. ಏಳೆರಡ್ಲೆ ಹದ್ನಾಲ್ಕು. ಏಳ್ಮೂರ್ಲೆ ಇಪ್ಪತ್ತೊಂದು.”

ನನ್ನ ಎಣಿಕೆಯನ್ನು ಕೆಡಿಸುವ ಉಪಾಯವೆಂದು ಅರ್ಥವಾಯಿತು. ಬಾಲಿಶವಾದ ಉಪಾಯ. ಮೂವತ್ತೆಂಟು ವರ್ಷ ನಲವತ್ತು ಮಕ್ಕಳ ಮಗ್ಗಿಯ ನಡುವೆ ಅಂಕಗಳನ್ನು ಕೂಡಿದವನು ನಾನು. ನನ್ನ ಹೆಜ್ಜೆ ನನ್ನ ಲೆಕ್ಕದಲ್ಲಿ, ಅವನ ಮಗ್ಗಿ ಅವನ ಲೆಕ್ಕದಲ್ಲಿ ಸಾಗಿದವು. ಈ ವಯಸ್ಸಿನಲ್ಲಿಯೂ ಅವನಿಗೆ ಏಳರ ಮಗ್ಗಿ ತಪ್ಪಿಲ್ಲದೆ ಬರುತ್ತದೆಂದು ಒಂದಿಷ್ಟು ಗೌರವವೂ ಮೂಡಿತು.

“ಏಳಾರ್ಲೆ ನಲ್ವತ್ತೆರಡು. ಏಳೇಳ್ಲೆ ನಲ್ವತ್ತೊಂಬತ್ತು. ಏಳೆಂಟ್ಲೆ ಐವತ್ನಾಲ್ಕು.”

“ಐವತ್ತಾರು,” ಎಂದೆ.

ಹೇಳಿ ಮುಗಿಸಿದ ಮೇಲೆ ಹೇಳಿದ್ದು ತಿಳಿಯಿತು. ನನ್ನ ತಲೆಯಲ್ಲಿ ಐವತ್ತಾರು ಎಂಬ ಸಂಖ್ಯೆ ಸ್ಪಷ್ಟವಾಗಿ ನಿಂತಿತ್ತು. ಅದರ ಪಕ್ಕದಲ್ಲಿ ಬೇರೆ ಯಾವ ಸಂಖ್ಯೆಯೂ ಇರಲಿಲ್ಲ. ನಾನು ಇಟ್ಟದ್ದು ಆರು ಹೆಜ್ಜೆಯೋ, ಏಳೋ, ಎಂಟೋ? ಆ ಕೋಣೆಯಲ್ಲಿದ್ದ ಮೂವತ್ತನಾಲ್ಕು ಜನರಲ್ಲಿ ಒಂಬತ್ತು ಮಂದಿ ನನ್ನ ಶಿಷ್ಯರು. ತಪ್ಪುತ್ತರ ಕಿವಿಗೆ ಬಿದ್ದರೆ ಮೇಷ್ಟ್ರು ಮಲಗಿದ್ದರೂ ಎದ್ದು ತಿದ್ದುತ್ತಾರೆಂದು ಅವರಲ್ಲಿ ಯಾರು ವಿಲ್ಫ್‌ಗೆ ಹೇಳಿಕೊಟ್ಟರೆಂಬ ಪ್ರಶ್ನೆಗೆ ಒಂಬತ್ತು ಉತ್ತರಗಳಿದ್ದವು, ಒಂಬತ್ತೂ ಸರಿ. ಅವರೆಲ್ಲ ಹಲ್ಲುಕಚ್ಚಿ ನಗು ತಡೆಯುತ್ತಿದ್ದುದು ನನಗೆ ಕೇಳಿಸುತ್ತಿತ್ತು.

“ಯಾಕಯ್ಯಾ ನಿಂತೆ?” ಎಂದ ವಿಲ್ಫ್. “ಪೊರಕೆ ಗೂಡು ಅಲ್ಲೇ ಎಡಕ್ಕಿದೆ. ಬೆಚ್ಚಗೇನೂ ಇಲ್ಲ, ಆದ್ರೆ ಒಬ್ಬನೇ ಇರಬಹುದು.”

ಅಲ್ಲಿಯೇ ನಿಂತರೆ ಕೊಕ್ಕೆ ಹೋಯಿತು. ಎಂಬತ್ತನಾಲ್ಕೂವರೆಯ ನೆನಪಾಯಿತು. ಏಳೆಂದು ಇಟ್ಟುಕೊಂಡು ಮುಂದೆ ಕಾಲಿಟ್ಟೆ. ಎಂಟು ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುವಷ್ಟರಲ್ಲಿ ನನ್ನ ಹಣೆ ತೊಲೆಗೆ ಬಡಿಯಿತು. ನಾಲ್ಕುನೂರು ವರ್ಷದ ಓಕ್ ಮರ. ಅದರಲ್ಲಿ ಮೆತ್ತಗಿನ ಭಾಗ ಯಾವುದೂ ಇಲ್ಲ. ಇಡೀ ಕೋಣೆ ಉಸಿರೆಳೆದುಕೊಂಡಿತು. ಲೋಟ ಅಲುಗಿತು, ಸ್ವಲ್ಪ ಬಿಯರು ಮುಂಗೈ ಮೇಲೆ ಹರಿಯಿತು.

ನೋವು ಬಹಳವಾಗಿತ್ತು. ಆದರೆ ನೋವಿನ ಜೊತೆಯಲ್ಲಿಯೇ ಇನ್ನೊಂದು ವಿಷಯವೂ ತಲೆಗೆ ಬಂದಿತು. ತೊಲೆ ಇರುವ ಜಾಗ ಈ ಜಗತ್ತಿನಲ್ಲಿ ಒಂದೇ.

“ಒಂಬತ್ತು,” ಎಂದು ಗಟ್ಟಿಯಾಗಿ ಹೇಳಿದೆ.

ಬಗ್ಗಿ ದಾಟಿದೆ. ಮೆಟ್ಟಿಲು ಒಂದು, ಮೆಟ್ಟಿಲು ಎರಡು. ಎಡಕ್ಕೆ. ಐದನೆಯ ಹೆಜ್ಜೆಗೆ ಬೆಂಕಿಯ ಕಾವು ಮೊಣಕಾಲಿಗೆ ತಾಗಿತು. ಕಣ್ಣುಬಟ್ಟೆಯನ್ನು ಬಿಚ್ಚಿದಾಗ ನನ್ನೆದುರು ಅಗ್ಗಿಷ್ಟಿಕೆ ಇತ್ತು, ಹಿಂದೆ ವಿಲ್ಫ್ ಇದ್ದ. ತಲೆ ಹೊಡೆಸಿಕೊಂಡವನಿಗೆ ಕೊಕ್ಕೆ ಹೇಗೆ ಕೊಡುತ್ತೀರೆಂದು ಅವನು ಡೋರೀನಳನ್ನು ಕೇಳುತ್ತಿದ್ದ. ತೊಲೆ ಕೂಡ ದಾರಿತೋರಿದಂತಾಯಿತಲ್ಲ, ಅದು ಪರಸಹಾಯವಲ್ಲವೇ ಎಂಬುದು ಅವನ ವಾದ.

ಡೋರೀನ್ ಗೋಡೆಯ ಮೇಲಿನ ನಿಯಮಗಳ ಹಲಗೆಯ ಬಳಿ ಹೋಗಿ ಬೆರಳಿಟ್ಟು ಓದಿದಳು. “ಕಣ್ಣು ಕಟ್ಟಿರ್ಬೇಕು. ಕೈ ಗೋಡೆ ಮುಟ್ಬಾರ್ದು. ಬಿಯರು ಗೆರೆಗಿಂತ ಕೆಳಗೆ ಇಳೀಬಾರ್ದು. ಅಷ್ಟೇ ಇರೋದು ವಿಲ್ಫ್. ತಲೆ ವಿಷಯ ಬರೆದಿಲ್ಲ.”

ಗಾಜನ್ನು ಬೆಳಕಿಗೆ ಹಿಡಿದರು. ಬಿಯರು ಗೆರೆಗಿಂತ ಒಂದು ಕೂದಲಿನಷ್ಟು ಮೇಲಿತ್ತು. ಚಪ್ಪಾಳೆ ಬಿದ್ದಿತು. ನಾನು ಜೇಬಿನಿಂದ ಲೋಟ ತೆಗೆದು ಬಟ್ಟೆ ಬಿಚ್ಚಿದೆ. ಹದಿನಾಲ್ಕು ವರ್ಷಗಳ ಮೇಲೆ ಅದು ಹೊರಗಿನ ಬೆಳಕು ಕಂಡಿತು. ಡೋರೀನ್ ಅದನ್ನು ತೆಗೆದುಕೊಂಡು ಕೊಕ್ಕೆಯ ಕಡೆಗೆ ಕೈಯೆತ್ತಿದಳು. ಅರ್ಧಕ್ಕೆ ಅವಳ ಕೈ ನಿಂತಿತು. ಎಲ್ಲರೂ ಸುಮ್ಮನಿದ್ದ ಹೊತ್ತು ಅದು. ಅವಳು ತಲೆಯನ್ನು ಬಲಕ್ಕೆ ಓರೆಮಾಡಿದಳು, ವಿಲ್ಫ್ ಮಾಡಿದಂತೆಯೇ.

ಲೋಟವನ್ನು ಕಟ್ಟೆಯ ಮೇಲಿಟ್ಟು ಗಡಿಯಾರದವರೆಗೆ ಹೋಗಿ ನೋಡಿ ಹಿಂದಿರುಗಿದಳು. ಹಣೆಗೆ ಇಟ್ಟುಕೊಳ್ಳಲು ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ತಂದು ನನ್ನ ಪಕ್ಕದಲ್ಲಿ ಬಗ್ಗಿದಳು. ನನಗೊಬ್ಬನಿಗೇ ಕೇಳುವಂತೆ ಮಾತಾಡಿದಳು.

“ಒಂದು ಲೆಕ್ಕ ಇದೆ ಮೇಷ್ಟ್ರೇ. ಹಂತ ಹಂತವಾಗಿ ಹೇಳ್ತೀನಿ, ಆಮೇಲೆ ಸೊನ್ನೆ ಕೊಡ್ಬೇಡಿ. ಗಡಿಯಾರ ಹನ್ನೊಂದೂ ಇಪ್ಪತ್ತಕ್ಕೆ ನಿಂತಿದೆ. ನಮ್ಮ ಗಡಿಯಾರ ಹತ್ತು ನಿಮಿಷ ಮುಂದೆ. ಅಂದ್ರೆ ನಿಂತಿದ್ದು ಹನ್ನೊಂದೂ ಹತ್ತಕ್ಕೆ. ಬಾಗಿಲು ತೆಗೆದಿದ್ದು ಹನ್ನೊಂದಕ್ಕೆ. ಎರಡನೇ ಗಿರಾಕಿ ಬಂದಿದ್ದು ಹನ್ನೊಂದೂವರೆಗೆ. ನಾನು ನೆಲಮಾಳಿಗೇಲಿದ್ದೆ. ಉಳಿದದ್ದೆಷ್ಟು?”

“ಒಂದು,” ಎಂದೆ.

“ಸರಿಯುತ್ತರ.”

ಅವಳು ನೆಟ್ಟಗೆ ನಿಂತಳು. ನಾನು ಕಪಾಟಿನಲ್ಲಿ ಲೋಟ ಕುಳಿತಿದ್ದ ಜಾಗವನ್ನು ನೆನೆದುಕೊಂಡೆ. ವಿಲ್ಫ್ ನನ್ನನ್ನು ಇನ್ನು ಬದುಕಲು ಬಿಡುವವನಲ್ಲ; ಅದರಲ್ಲಿ ಅವನದು ತಪ್ಪೂ ಆಗುತ್ತಿರಲಿಲ್ಲ. ಆದರೆ ಡೋರೀನ್ ಗಡಿಯಾರದ ಮಾತೆತ್ತಲಿಲ್ಲ. ಒಬ್ಬನು ಎಡವಟ್ಟಾಗಿ ಸೋತ, ಇನ್ನೊಬ್ಬನು ಎಡವಟ್ಟಾಗಿ ಗೆದ್ದ, ಇಬ್ಬರ ವಯಸ್ಸು ಕೂಡಿದರೆ ನೂರೈವತ್ತೆಂಟು, ಇನ್ನೊಂದು ಕೊಕ್ಕೆಗೆ ಇಬ್ಬರನ್ನೂ ಕಾಯಿಸುವುದು ಕ್ರೌರ್ಯ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಆದ್ದರಿಂದ ಹನ್ನೊಂದನೆಯ ಕೊಕ್ಕೆ ಇಬ್ಬರಿಗೂ ಸೇರತಕ್ಕದ್ದು. ಬೆಸ ತಾರೀಖುಗಳಲ್ಲಿ ವಿಲ್ಫ್‌ನ ಲೋಟ, ಸಮ ತಾರೀಖುಗಳಲ್ಲಿ ಮೇಷ್ಟ್ರದು. ತನ್ನ ದಿನವಲ್ಲದ ದಿನ ಗಾಜು.

ಜನ ಮೇಜು ಗುದ್ದಿ ಒಪ್ಪಿದರು. ವಿಲ್ಫ್ ಬಂದು ನನ್ನ ಬೆನ್ನು ತಟ್ಟಿದ.

“ಅರ್ಧರ್ಧ. ನ್ಯಾಯವಾಗಿದೆ ಬಿಡಯ್ಯಾ.”

ಡೋರೀನ್ ನನ್ನನ್ನೇ ನೋಡುತ್ತಿದ್ದಳು. “ಅರ್ಧರ್ಧ ಅಂತಿದಾರೆ. ಲೆಕ್ಕ ಸರಿ ತಾನೇ ಮೇಷ್ಟ್ರೇ?”

ಏಳು ತಿಂಗಳಿಗೆ ಮೂವತ್ತೊಂದು ದಿನ. ಆ ತಿಂಗಳುಗಳಲ್ಲಿ ಬೆಸ ತಾರೀಖು ಹದಿನಾರು, ಸಮ ತಾರೀಖು ಹದಿನೈದು. ವರ್ಷಕ್ಕೆ ವಿಲ್ಫ್‌ಗೆ ನೂರ ಎಂಬತ್ತಾರು ದಿನ, ನನಗೆ ನೂರ ಎಪ್ಪತ್ತೊಂಬತ್ತು. ಅಧಿಕ ವರ್ಷ ಬಂದರೆ ವ್ಯತ್ಯಾಸ ಏಳಲ್ಲ, ಎಂಟು. ಒಂಬತ್ತು ಮಂದಿ ಶಿಷ್ಯರ ಎದುರಿನಲ್ಲಿ, ತಪ್ಪು ಲೆಕ್ಕವೊಂದನ್ನು ತಿದ್ದದೆ ಬಿಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

“ಸರಿ ಇದೆ,” ಎಂದೆ.

ಡೋರೀನ್ ಗಡಿಯಾರದ ಲೋಲಕವನ್ನು ತೂಗಿಬಿಟ್ಟಳು.

ಇದು ನಡೆದು ಐದು ತಿಂಗಳಾಯಿತು. ಇಂದು ಆಗಸ್ಟ್ ಮೂವತ್ತೊಂದು. ನಾನು ಗಾಜಿನಲ್ಲಿ ಕುಡಿಯುತ್ತಿದ್ದೇನೆ. ನಾಳೆ ಒಂದನೆಯ ತಾರೀಖು; ನಾಳೆಯೂ ಗಾಜಿನಲ್ಲಿಯೇ ಕುಡಿಯುತ್ತೇನೆ. ಎರಡು ದಿನ ಒಟ್ಟಿಗೆ ತನ್ನ ಲೋಟವೇ ಇಳಿಯುವುದು ಹೇಗೆಂದು ವಿಲ್ಫ್ ಈಗತಾನೇ ಬೆರಳು ಮಡಿಚಿ ಎಣಿಸಲು ಪ್ರಯತ್ನಿಸಿ, ಕಿರುಬೆರಳಿಗೆ ಬಂದು ಕೈಬಿಟ್ಟು, ನನ್ನ ಕಡೆ ತಿರುಗಿ ಕೇಳಿದ. ನನಗೂ ತಿಳಿಯುತ್ತಿಲ್ಲವೆಂದು ಹೇಳಿದೆ.